ಸ್ಪ್ಯಾನಿಷ್ ನಾಡುಗಳಲ್ಲಿ ವರ್ಷಗಟ್ಟಲೆ ಇದ್ದು ಕೆಲಸ ಮಾಡುವುದು ಹೇಗೆ: ಲ್ಯಾಪ್‌ಟಾಪ್ ಹಿಡಿದು ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ಸ್ಪ್ಯಾನಿಷ್ ಕಲಿತರೆ ಸುಮಾರು 20 ದೇಶಗಳಲ್ಲಿ ಜನರ ಜೊತೆ ಮಾತಾಡಬಹುದು. ಮೆಕ್ಸಿಕೋದ ಉತ್ತರದ ಗಡಿಯಿಂದ ಅರ್ಜೆಂಟೀನಾದ ದಕ್ಷಿಣದ ತುದಿಯವರೆಗೆ ಹೋದರೂ ಹೆಚ್ಚಿನ ದಾರಿಯಲ್ಲಿ ಭಾಷೆ ಬದಲಾಗುವುದಿಲ್ಲ. ಕೆಲಸ ಮಾಡುತ್ತಾ ಹೊರದೇಶದಲ್ಲಿ ಒಂದೆರಡು ವರ್ಷ ಇರಬೇಕು ಅನ್ನುವವರಿಗೆ ಈ ನಾಡುಗಳು ಇಷ್ಟವಾಗಲು ಇದೇ ದೊಡ್ಡ ಕಾರಣ.

ಈ ಬರಹ ಭಾರತದ ಪಾಸ್‌ಪೋರ್ಟ್ ಇರುವವರಿಗೆ. ಅದರಲ್ಲೂ ಕಂಪನಿಗೋ ಕ್ಲೈಂಟಿಗೋ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುವವರಿಗೆ. ಹೆಚ್ಚಿನವರು ಮೊದಲು ಊರು ಆರಿಸುತ್ತಾರೆ. ಬಾರ್ಸಿಲೋನಾದ ಫೋಟೋ ನೋಡಿ ಮನಸ್ಸು ಮಾಡಿ, ವೀಸಾ ಆಮೇಲೆ ನೋಡೋಣ ಅಂದುಕೊಳ್ಳುತ್ತಾರೆ. ನಾನು ಹೇಳುವ ಕ್ರಮ ಬೇರೆ: ಮೊದಲು ಕೆಲಸದ ಸಮಯ, ಆಮೇಲೆ ಕಾನೂನಿನ ಅನುಮತಿ, ಆಮೇಲೆ ಕಾಗದ, ಭಾಷೆ. ಊರು ಕೊನೆಗೆ. ಈ ಕ್ರಮ ತಪ್ಪಿದರೆ ಹಣವೂ ಹೋಗುತ್ತದೆ, ತಿಂಗಳುಗಳೂ ಹೋಗುತ್ತವೆ.

ಹಂತ 1: ಗಡಿಯಾರ ನೋಡಿ ದೇಶ ಆರಿಸಿ

ಸ್ಪೇನ್ ನಮಗಿಂತ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಹಿಂದೆ. ಬೆಂಗಳೂರಿನ ಬೆಳಗಿನ 10 ಗಂಟೆಯ ಮೀಟಿಂಗ್ ಅಲ್ಲಿ ಚಳಿಗಾಲದಲ್ಲಿ 5.30ಕ್ಕೆ. ಬೇಗ ಏಳಬೇಕು, ನಿಜ. ಆದರೆ ಇಲ್ಲಿ ಸಂಜೆ 6.30 ಆದಾಗ ಅಲ್ಲಿ ಮಧ್ಯಾಹ್ನ 2 ಗಂಟೆ, ಸ್ಪೇನಿನವರ ಊಟದ ಹೊತ್ತು. ಕೆಲಸ ಮುಗಿಸಿ ಊಟಕ್ಕೆ ಕೂತರೆ ಇಡೀ ಸಂಜೆ ನಿಮ್ಮದು. ಸ್ಪೇನಿನದೇ ಆದ ಕ್ಯಾನರಿ ದ್ವೀಪಗಳಲ್ಲಿ ಗಡಿಯಾರ ಇನ್ನೂ ಒಂದು ಗಂಟೆ ಹಿಂದೆ ಇರುತ್ತದೆ. ಅಲ್ಲಿನ ಲಾಸ್ ಪಾಲ್ಮಾಸ್ ನಗರ ಆರಿಸುವ ಮುಂಚೆ ಇದನ್ನು ಯೋಚಿಸಿ.

ಅಮೆರಿಕ ಖಂಡದ ಲೆಕ್ಕವೇ ಬೇರೆ. ಕೊಲಂಬಿಯಾ ಹತ್ತೂವರೆ ಗಂಟೆ ಹಿಂದೆ, ಮೆಕ್ಸಿಕೋ ಸಿಟಿ ಹನ್ನೊಂದೂವರೆ ಗಂಟೆ ಹಿಂದೆ. ಬೆಂಗಳೂರಿನ 10 ಗಂಟೆ ಅಲ್ಲಿ ಹಿಂದಿನ ರಾತ್ರಿ. ಅರ್ಜೆಂಟೀನಾದಲ್ಲಿ ರಾತ್ರಿ 1.30. ಭಾರತದ ತಂಡದ ಜೊತೆ ಕೆಲಸ ಮಾಡುವವರಿಗೆ ಇದು ವರ್ಷಪೂರ್ತಿ ರಾತ್ರಿ ಪಾಳಿ. ಅಷ್ಟು ದೂರ ಹೋಗಿ ಹಗಲೆಲ್ಲ ಮಲಗಿದರೆ ಏನು ಬಂತು? ಅದೇ ನಿಮ್ಮ ಕ್ಲೈಂಟ್ ಅಮೆರಿಕದವರಾದರೆ ಮೆಕ್ಸಿಕೋ, ಕೊಲಂಬಿಯಾಗಳಷ್ಟು ಅನುಕೂಲ ಬೇರೆಲ್ಲೂ ಇಲ್ಲ. ಮೆಕ್ಸಿಕೋ 2022ರಲ್ಲಿ ಬೇಸಿಗೆಯಲ್ಲಿ ಗಡಿಯಾರ ಮುಂದೆ ಹಾಕುವ ಪದ್ಧತಿಯನ್ನು ಬಹುತೇಕ ಕಡೆ ಕೈಬಿಟ್ಟಿತು. ಹಾಗಾಗಿ ಮೆಕ್ಸಿಕೋ ಸಿಟಿಯ ಸಮಯ ಚಳಿಗಾಲದಲ್ಲಿ ಶಿಕಾಗೋದಷ್ಟೇ ಇರುತ್ತದೆ.

ಭಾರತದ ಕೆಲಸವಾದರೆ ಸ್ಪೇನ್, ಅಮೆರಿಕದ ಕೆಲಸವಾದರೆ ಮೆಕ್ಸಿಕೋ ಅಥವಾ ಕೊಲಂಬಿಯಾ. ನಾನು ಇಷ್ಟು ಖಡಾಖಂಡಿತವಾಗಿ ಹೇಳುತ್ತೇನೆ.

ಹಂತ 2: ಯಾವ ಅನುಮತಿ ನಿಮಗೆ ಹೊಂದುತ್ತದೆ

ಪ್ರವಾಸಿ ವೀಸಾ ಮೇಲೆ ವರ್ಷದ ಯೋಜನೆ ಕಟ್ಟಬೇಡಿ. ಯುರೋಪಿನ ಬಹುತೇಕ ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾದಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಅದೂ ಷೆಂಗೆನ್ ದೇಶಗಳೆಲ್ಲ ಸೇರಿ 90. ಪೋರ್ಚುಗಲ್‌ಗೆ ಹೋಗಿ ಬಂದರೆ ಲೆಕ್ಕ ಹೊಸದಾಗಿ ಶುರುವಾಗುವುದಿಲ್ಲ.

ದೂರದಿಂದ ಕೆಲಸ ಮಾಡುವವರಿಗೆ ಸ್ಪೇನ್ ಬೇರೆಯೇ ದಾರಿ ಮಾಡಿದೆ. 2022ರ ಡಿಸೆಂಬರಿನಲ್ಲಿ ಬಂದ ಸ್ಟಾರ್ಟ್‌ಅಪ್ ಕಾನೂನಿನ ಜೊತೆಗೆ ಡಿಜಿಟಲ್ ನೋಮ್ಯಾಡ್ ವೀಸಾ ಬಂತು. ಅದರ ಮುಖ್ಯ ಷರತ್ತುಗಳು ಹೀಗಿವೆ:

- ಸ್ಪೇನಿನ ಹೊರಗಿನ ಕಂಪನಿ ಅಥವಾ ಕ್ಲೈಂಟ್ ಜೊತೆ ಕನಿಷ್ಠ 3 ತಿಂಗಳಿಂದ ಕೆಲಸ ಮಾಡುತ್ತಿರಬೇಕು. ಆ ಕಂಪನಿ ಶುರುವಾಗಿ ಕನಿಷ್ಠ 1 ವರ್ಷ ಆಗಿರಬೇಕು.
- ಪದವಿ ಇರಬೇಕು. ಇಲ್ಲದಿದ್ದರೆ ಆ ಕೆಲಸದಲ್ಲಿ 3 ವರ್ಷದ ಅನುಭವ ತೋರಿಸಬೇಕು.
- ಆದಾಯ ಸ್ಪೇನಿನ ಕನಿಷ್ಠ ವೇತನದ ಎರಡು ಪಟ್ಟು ಇರಬೇಕು. 2025ರಲ್ಲಿ ಆ ವೇತನ ವರ್ಷಕ್ಕೆ 14 ಕಂತಿನಲ್ಲಿ ತಲಾ 1,184 ಯೂರೋ ಇತ್ತು. 12 ತಿಂಗಳಿಗೆ ಹಂಚಿ ದುಪ್ಪಟ್ಟು ಮಾಡಿದರೆ ತಿಂಗಳಿಗೆ ಸುಮಾರು 2,763 ಯೂರೋ ಆಗುತ್ತಿತ್ತು. ಗಂಡ ಅಥವಾ ಹೆಂಡತಿ ಜೊತೆಗೆ ಬಂದರೆ ಕನಿಷ್ಠ ವೇತನದ ಶೇ 75, ಆಮೇಲೆ ಪ್ರತಿ ಮಗುವಿಗೆ ಶೇ 25 ಸೇರಿಸಿ. ವೇತನ ಪರಿಷ್ಕರಣೆಯಾದಾಗ ಈ ಮೊತ್ತವೂ ಬದಲಾಗುತ್ತದೆ.
- ಫ್ರೀಲಾನ್ಸ್ ಮಾಡುವವರು ಸ್ಪೇನಿನ ಕಂಪನಿಗಳಿಂದ ಶೇ 20ರವರೆಗೆ ಮಾತ್ರ ಕೆಲಸ ತೆಗೆದುಕೊಳ್ಳಬಹುದು.

ಭಾರತದಲ್ಲಿ ಅರ್ಜಿ ಹಾಕಿದರೆ ಸಿಗುವುದು ಗರಿಷ್ಠ 1 ವರ್ಷದ ವೀಸಾ. ಕಾನೂನುಬದ್ಧವಾಗಿ ಸ್ಪೇನಿಗೆ ಹೋಗಿ ಅಲ್ಲಿಂದ ಅರ್ಜಿ ಹಾಕಿದರೆ 3 ವರ್ಷದವರೆಗಿನ ಪರವಾನಗಿ ಸಿಗುತ್ತದೆ. ಹಾಗೆ ಹಾಕಿದ ಅರ್ಜಿಗೆ 20 ಕೆಲಸದ ದಿನಗಳಲ್ಲಿ ಉತ್ತರ ಕೊಡಬೇಕು ಅನ್ನುವ ನಿಯಮವೂ ಇದೆ. ಒಬ್ಬರೇ ಹೋಗುವವರು, ಕಾಗದವೆಲ್ಲ ಪಕ್ಕಾ ಇರುವವರು ಎರಡನೇ ದಾರಿ ಹಿಡಿಯಬಹುದು. ಮಕ್ಕಳನ್ನು ಶಾಲೆ ಬಿಡಿಸಿ ಕರೆದುಕೊಂಡು ಹೋಗುವವರು ಇಲ್ಲಿಂದಲೇ ವೀಸಾ ಪಡೆದು ಹೊರಡುವುದು ಒಳ್ಳೆಯದು. ಅಲ್ಲಿ ಹೋದ ಮೇಲೆ ಒಂದು ಕಾಗದ ಕಮ್ಮಿ ಬಿದ್ದರೆ ಇಡೀ ಸಂಸಾರ ಅಡಕತ್ತರಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ನಾನ್-ಲುಕ್ರೇಟಿವ್ ವೀಸಾ ಅಂತ ಇನ್ನೊಂದಿದೆ. ತಿಂಗಳಿಗೆ 2,400 ಯೂರೋ ಆದಾಯ ತೋರಿಸಿದರೆ ಸಾಕು ಎಂದು ಯಾರಾದರೂ ಹೇಳಿದರೆ ಪೂರ್ತಿ ಕೇಳಿ. ಅದು ಬಾಡಿಗೆ, ಪಿಂಚಣಿ, ಉಳಿತಾಯದಲ್ಲಿ ಬದುಕುವವರಿಗೆ. ಅದರಲ್ಲಿ ಕೆಲಸ ಮಾಡುವಂತಿಲ್ಲ. ಓದುವ ಆಸೆ ಇದ್ದವರಿಗೆ ವಿದ್ಯಾರ್ಥಿ ವೀಸಾ ಇದೆ. ವಿಶ್ವವಿದ್ಯಾಲಯದಲ್ಲಿ ಓದುತ್ತಾ ವಾರಕ್ಕೆ 30 ಗಂಟೆವರೆಗೆ ದುಡಿಯಬಹುದು.

ಮೆಕ್ಸಿಕೋದ ದಾರಿ ತಾತ್ಕಾಲಿಕ ನಿವಾಸಿ ವೀಸಾ. ಮೊದಲು 1 ವರ್ಷ, ಆಮೇಲೆ ನವೀಕರಿಸಿ ಒಟ್ಟು 4 ವರ್ಷದವರೆಗೆ ಇರಬಹುದು. ಹೊರಗಿನಿಂದ ಬರುವ ಆದಾಯ ಅಥವಾ ಉಳಿತಾಯ ತೋರಿಸಬೇಕು. ಆ ಮೊತ್ತ ಪದೇ ಪದೇ ಏರುತ್ತಿರುವುದರಿಂದ ಅರ್ಜಿ ಹಾಕುವ ವಾರದಲ್ಲೇ ರಾಯಭಾರ ಕಚೇರಿಯ ಪಟ್ಟಿ ನೋಡಿ. ಅಮೆರಿಕ, ಕೆನಡಾ, ಬ್ರಿಟನ್, ಜಪಾನ್ ಅಥವಾ ಷೆಂಗೆನ್ ವೀಸಾ ಚಾಲ್ತಿಯಲ್ಲಿರುವ ಭಾರತೀಯರು ಮೆಕ್ಸಿಕೋಗೆ ಬೇರೆ ವೀಸಾ ಇಲ್ಲದೆ ಪ್ರವಾಸ ಹೋಗಬಹುದು. ಗರಿಷ್ಠ 180 ದಿನ. ಎಷ್ಟು ದಿನ ಎಂದು ನಿರ್ಧರಿಸುವುದು ವಿಮಾನ ನಿಲ್ದಾಣದ ಅಧಿಕಾರಿ. ವರ್ಷಗಟ್ಟಲೆ ನೆಲೆಸುವ ಮುಂಚೆ ಊರು ನೋಡಿ ಬರಲು ಇದು ಒಳ್ಳೆಯ ಅವಕಾಶ.

ನಮ್ಮ ಐಟಿ ಜನ ಮರೆಯುವ ದಾರಿಯೊಂದಿದೆ, ಕಂಪನಿಯೊಳಗಿನ ವರ್ಗಾವಣೆ. ಬೆಂಗಳೂರಿನ ಇನ್ಫೋಸಿಸ್ 2007ರಲ್ಲೇ ಮೆಕ್ಸಿಕೋದ ಮಾಂಟೆರ್ರೇಯಲ್ಲಿ ಕೇಂದ್ರ ತೆರೆಯಿತು. ಟಿಸಿಎಸ್ 2002ರಿಂದ ಉರುಗ್ವೆಯ ಮಾಂಟೆವಿಡಿಯೋದಲ್ಲಿದೆ. ಹೀಗೆ ಹೋದರೆ ಕಾಗದದ ಹೊಣೆ ಹೆಚ್ಚಾಗಿ ಕಂಪನಿಯದೇ. ಸ್ಪ್ಯಾನಿಷ್ ಬಲ್ಲ ಕನ್ನಡಿಗ ಇಂಜಿನಿಯರುಗಳು ತೀರಾ ಕಮ್ಮಿ. ಸುಮ್ನೆ ಒಮ್ಮೆ ಒಳಗಿನ ಹುದ್ದೆಗಳ ಪಟ್ಟಿ ನೋಡಿ.

ಇಂಗ್ಲಿಷ್ ಕಲಿಸಿ ಬದುಕುವ ದಾರಿಯನ್ನು ನಾನು ಭಾರತೀಯರಿಗೆ ಮೊದಲ ಆಯ್ಕೆಯಾಗಿ ಹೇಳುವುದಿಲ್ಲ. ಎಷ್ಟೋ ಶಾಲೆಗಳು ಈಗಲೂ ಪಾಸ್‌ಪೋರ್ಟ್ ನೋಡಿಯೇ ಅರ್ಜಿ ಬದಿಗಿಡುತ್ತವೆ. ಅನ್ಯಾಯವೇ, ಆದರೆ ಅದನ್ನು ನಂಬಿ ಟಿಕೆಟ್ ತೆಗೆಯಬೇಡಿ. ಊಟ-ವಸತಿಗೆ ಪ್ರತಿಯಾಗಿ ಹಾಸ್ಟೆಲ್, ತೋಟಗಳಲ್ಲಿ ಕೆಲಸ ಮಾಡುವುದೂ ಎಷ್ಟೋ ದೇಶಗಳ ಕಾನೂನಿನಲ್ಲಿ ಕೆಲಸವೇ. ಪ್ರವಾಸಿ ವೀಸಾದಲ್ಲಿ ಅದನ್ನು ಮಾಡಲು ಹೋಗಬೇಡಿ.

ಹಂತ 3: ಕಾಗದಪತ್ರ

ಹೊರಡುವ ನಾಲ್ಕೈದು ತಿಂಗಳ ಮುಂಚೆ ಈ ಕೆಲಸ ಶುರು ಮಾಡಿ. ಒಂದು ಕಾಗದದ ಮೇಲೆ ಇನ್ನೊಂದು ನಿಂತಿರುವುದರಿಂದ ಹಿಂದುಮುಂದು ಮಾಡಿದರೆ ಮತ್ತೆ ಮೊದಲಿನಿಂದ ಓಡಾಡಬೇಕು.

ಮೊದಲು ಪದವಿ ಪ್ರಮಾಣಪತ್ರ. ಇದಕ್ಕೆ ರಾಜ್ಯದ ಉನ್ನತ ಶಿಕ್ಷಣ ಇಲಾಖೆಯ ದೃಢೀಕರಣ ಬೇಕು. ಆಮೇಲೆ ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್, ಅಂದರೆ ಬೇರೆ ದೇಶಗಳೂ ಒಪ್ಪುವ ದೃಢೀಕರಣ ಮುದ್ರೆ. ಭಾರತ 2005ರಿಂದ ಹೇಗ್ ಅಪಾಸ್ಟಿಲ್ ಒಪ್ಪಂದದಲ್ಲಿದೆ. ಸ್ಪೇನ್, ಮೆಕ್ಸಿಕೋ, ಕೊಲಂಬಿಯಾ, ಪೆರು, ಚಿಲಿ, ಅರ್ಜೆಂಟೀನಾ ಕೂಡ ಅದರಲ್ಲಿವೆ. ಹಾಗಾಗಿ ಈ ಮುದ್ರೆ ಬಿದ್ದ ಕಾಗದಕ್ಕೆ ಮತ್ತೆ ರಾಯಭಾರ ಕಚೇರಿಯ ದೃಢೀಕರಣ ಬೇಕಿಲ್ಲ. ಮದುವೆ ಮತ್ತು ಮಕ್ಕಳ ಜನನ ಪ್ರಮಾಣಪತ್ರಕ್ಕೂ ರಾಜ್ಯದ ದೃಢೀಕರಣ ಆದ ಮೇಲೆ ಅಪಾಸ್ಟಿಲ್.

ಎರಡನೆಯದು ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್, ಅಂದರೆ ಪಿಸಿಸಿ. ಪಾಸ್‌ಪೋರ್ಟ್ ಸೇವಾ ತಾಣದಲ್ಲಿ ಅರ್ಜಿ ಹಾಕಿ, ಅದಕ್ಕೂ ಅಪಾಸ್ಟಿಲ್ ಮಾಡಿಸಿ. ಇದನ್ನು ತೀರಾ ಮೊದಲೇ ಮಾಡಿಸಬೇಡಿ, ಹಳೆಯದಾದರೆ ತೆಗೆದುಕೊಳ್ಳುವುದಿಲ್ಲ. ಕಳೆದ ಎರಡು ವರ್ಷದಲ್ಲಿ ಬೇರೆ ದೇಶದಲ್ಲಿದ್ದರೆ ಅಲ್ಲಿಯದೂ ಬೇಕು.

ಮೂರನೆಯದು ಕಂಪನಿಯ ಪತ್ರ, ಎಲ್ಲಕ್ಕಿಂತ ಕಷ್ಟದ್ದು. ನೀವು ಎಂದಿನಿಂದ ಕೆಲಸದಲ್ಲಿದ್ದೀರಿ, ಸಂಬಳ ಎಷ್ಟು, ಸ್ಪೇನಿನಿಂದ ಕೆಲಸ ಮಾಡಲು ಒಪ್ಪಿಗೆ ಇದೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ‘ಎಲ್ಲಿಂದ ಬೇಕಾದರೂ ಕೆಲಸ ಮಾಡಬಹುದು’ ಎಂಬ ಸಾಮಾನ್ಯ ವಾಕ್ಯ ಸಾಲದು. ಕಂಪನಿಯ ನೋಂದಣಿ ಪತ್ರವನ್ನೂ ಕೇಳಿ ತೆಗೆದುಕೊಳ್ಳಿ. ಎಚ್ಆರ್ ವಿಭಾಗ ಇಂಥ ಪತ್ರ ಕೊಡಲು ಹಿಂದೇಟು ಹಾಕುವುದು ಸಹಜ. ಹೊರದೇಶದಲ್ಲಿ ತೆರಿಗೆ ಹೊಣೆ ಬರುತ್ತದೋ ಎಂಬ ಭಯ ಅವರಿಗೆ. ಆದ್ದರಿಂದ ಮಾತುಕತೆ ಎಲ್ಲಕ್ಕಿಂತ ಮೊದಲು ಶುರುವಾಗಲಿ. ಇದು ಸಿಗುವುದಿಲ್ಲ ಎಂದಾದರೆ ಉಳಿದ ಯಾವುದಕ್ಕೂ ದುಡ್ಡು ಖರ್ಚು ಮಾಡಬೇಡಿ.

ಕೊನೆಗೆ ಅನುವಾದ. ಸ್ಪೇನಿಗೆ ಅಲ್ಲಿನ ವಿದೇಶಾಂಗ ಸಚಿವಾಲಯ ನೇಮಿಸಿದ ಅಧಿಕೃತ ಅನುವಾದಕರ ಮುದ್ರೆ ಬೇಕು. ಅವರನ್ನು ತ್ರಾದುಕ್ತೋರ್ ಹುರಾದೋ ಎನ್ನುತ್ತಾರೆ. ಅಪಾಸ್ಟಿಲ್ ಆದ ಮೇಲೆಯೇ ಅನುವಾದ ಮಾಡಿಸಿ. ಆ ಮುದ್ರೆಯಲ್ಲಿರುವ ಮಾತೂ ಅನುವಾದದಲ್ಲಿ ಬರಬೇಕಲ್ವಾ.

ಹಂತ 4: ಸಾಮಾಜಿಕ ಭದ್ರತೆ ಮತ್ತು ತೆರಿಗೆ

ಬಹಳ ಅರ್ಜಿಗಳು ಎಡವುವುದು ಇಲ್ಲೇ. ನಿಮ್ಮ ಸಾಮಾಜಿಕ ಭದ್ರತೆಯ ಹಣ ಎಲ್ಲಿ ಕಟ್ಟುತ್ತೀರಿ ಎಂದು ಸ್ಪೇನ್ ಕೇಳುತ್ತದೆ. ಸಂಬಳದ ನೌಕರರಾದರೆ ಎರಡರಲ್ಲಿ ಒಂದು ಬೇಕು: ಎರಡು ದೇಶಗಳ ನಡುವೆ ಒಪ್ಪಂದ ಇದ್ದರೆ ಅದರಡಿ ಸಿಗುವ ಪ್ರಮಾಣಪತ್ರ, ಇಲ್ಲವೇ ನಿಮ್ಮ ಕಂಪನಿ ಸ್ಪೇನಿನ ವ್ಯವಸ್ಥೆಯಲ್ಲಿ ನೋಂದಣಿ ಮಾಡಿಸುವುದು. ಎರಡನೆಯದಕ್ಕೆ ಸಣ್ಣ ಕಂಪನಿಗಳು ಒಪ್ಪುವುದು ಕಷ್ಟ. ಹೀಗಾಗಿ ಎಷ್ಟೋ ಜನ ಕೆಲಸವನ್ನು ಫ್ರೀಲಾನ್ಸ್ ಕರಾರಿಗೆ ಬದಲಾಯಿಸಿಕೊಂಡು, ಅಲ್ಲಿ ಅವ್ತೋನೋಮೋ ಎಂದು, ಅಂದರೆ ಸ್ವಂತ ಉದ್ಯೋಗಿಯಾಗಿ ನೋಂದಾಯಿಸುತ್ತಾರೆ. ಹೊಸಬರಿಗೆ ಮೊದಲ 12 ತಿಂಗಳು ತಿಂಗಳಿಗೆ 80 ಯೂರೋ ಕಟ್ಟುವ ರಿಯಾಯಿತಿ ಇದೆ. ಆಮೇಲೆ ಆದಾಯಕ್ಕೆ ತಕ್ಕಂತೆ ಏರುತ್ತದೆ. ಆದರೆ ಫ್ರೀಲಾನ್ಸ್ ಆದರೆ ಪಿಎಫ್, ಗ್ರಾಚ್ಯುಟಿ, ರಜೆ ಎಲ್ಲ ಬಿಡಬೇಕು. ಅದನ್ನೂ ಲೆಕ್ಕ ಹಾಕಿ ದರ ಕೇಳಿ.

ತೆರಿಗೆ ವಿಷಯದಲ್ಲಿ ಒಂದು ಅಂಶ ಗಮನದಲ್ಲಿರಲಿ. ಸ್ಪೇನಿನ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್, ನಮ್ಮದು ಏಪ್ರಿಲಿನಿಂದ ಮಾರ್ಚ್. ಕ್ಯಾಲೆಂಡರ್ ವರ್ಷದಲ್ಲಿ 183 ದಿನಕ್ಕಿಂತ ಜಾಸ್ತಿ ಅಲ್ಲಿದ್ದರೆ ನೀವು ಅಲ್ಲಿನ ತೆರಿಗೆ ನಿವಾಸಿ. ಆಗ ಜಗತ್ತಿನ ಎಲ್ಲ ಕಡೆಯ ಆದಾಯವನ್ನೂ ಅಲ್ಲಿ ತೋರಿಸಬೇಕು, ಊರಿನ ಮನೆ ಬಾಡಿಗೆಯನ್ನೂ. ಭಾರತ-ಸ್ಪೇನ್ ನಡುವೆ ಎರಡು ಸಲ ತೆರಿಗೆ ತಪ್ಪಿಸುವ ಒಪ್ಪಂದ ಇದೆ. ಸಂಬಳದ ನೌಕರರಿಗೆ ‘ಬೆಕ್ಯಾಮ್ ಕಾನೂನು’ ಎಂದು ಕರೆಯುವ ವಿಶೇಷ ಪದ್ಧತಿಯಲ್ಲಿ 6 ಲಕ್ಷ ಯೂರೋವರೆಗಿನ ಸಂಬಳಕ್ಕೆ ಶೇ 24ರ ಒಂದೇ ದರ. ಕೆಲಸ ಶುರುವಾದ 6 ತಿಂಗಳೊಳಗೆ ಇದಕ್ಕೆ ಅರ್ಜಿ ಹಾಕಬೇಕು, ತಡವಾದರೆ ಸಿಗುವುದಿಲ್ಲ. ಹೊರಡುವ ತಿಂಗಳು ನಿರ್ಧರಿಸುವ ಮುಂಚೆಯೇ ಒಬ್ಬ ಸಿಎ ಹತ್ತಿರ ಕೂತು ಎರಡೂ ದೇಶದ ದಿನಗಳನ್ನು ಎಣಿಸಿಸಿ.

ಹಂತ 5: ಭಾಷೆ

ಟಿಕೆಟ್ ತೆಗೆಯುವ ಆರು ತಿಂಗಳ ಮುಂಚೆ ಶುರು ಮಾಡಿ. ಬಾರ್ಸಿಲೋನಾದ ಕಾಫಿ ಅಂಗಡಿಯಲ್ಲಿ ಇಂಗ್ಲಿಷ್ ನಡೆಯುತ್ತದೆ. ಪೊಲೀಸ್ ಕಚೇರಿ, ಬಾಡಿಗೆ ಕರಾರು, ಆಸ್ಪತ್ರೆಯ ಕೌಂಟರಿನಲ್ಲಿ ನಡೆಯುವುದಿಲ್ಲ.

ಕನ್ನಡ ಬಲ್ಲವರಿಗೆ ಇಲ್ಲಿ ದೊಡ್ಡ ಅನುಕೂಲವಿದೆ. ಸ್ಪ್ಯಾನಿಷಿನ ಐದು ಸ್ವರಗಳು ನಮ್ಮಲ್ಲಿ ಇವೆ, ತ ಮತ್ತು ದ ಕೂಡ ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವಂಥವೇ. ಇಂಗ್ಲಿಷಿನ ಟ, ಡ ಬಿಟ್ಟು ನೇರ ಕನ್ನಡದ ಅಕ್ಷರದಲ್ಲಿ ಉಚ್ಚಾರ ಬರೆದುಕೊಳ್ಳಿ. ‘ಹೋಗ್ತೀನಿ’ ಅಂದರೆ ಯಾರು ಎಂದು ನಮಗೆ ಕ್ರಿಯಾಪದದಲ್ಲೇ ಗೊತ್ತಾಗುತ್ತದೆ. ಅಲ್ಲೂ ಹಾಗೆಯೇ, ‘ವೊಯ್’ ಅಂದರೆ ಸಾಕು, ‘ನಾನು’ ಬೇಕಿಲ್ಲ. ‘ನನಗೆ ಕಾಫಿ ಇಷ್ಟ’ ಎನ್ನುವಂತೆಯೇ ‘ಮೆ ಗುಸ್ತಾ ಎಲ್ ಕಫೇ’. ನೀನು-ನೀವು ಇದ್ದಂತೆ ತು-ಉಸ್ತೇದ್. ಆದ್ದರಿಂದ ಇಂಗ್ಲಿಷ್ ಮೂಲಕ ಅನುವಾದ ಮಾಡಿಕೊಂಡು ಕಲಿಯುವ ಬದಲು ಕನ್ನಡದಲ್ಲೇ ಯೋಚಿಸಿ ಕಲಿಯಿರಿ. ಕಷ್ಟವಾಗುವುದು ಜಡ ವಸ್ತುಗಳಿಗೂ ಇರುವ ಗಂಡು-ಹೆಣ್ಣು ಲಿಂಗ, ಮತ್ತೆ ಭೂತಕಾಲದ ಹಲವು ರೂಪಗಳು. ಹಿಂದಿ ಬಲ್ಲವರಿಗೆ ಲಿಂಗದ ಕಷ್ಟ ಹೊಸದಲ್ಲ.

ದೆಹಲಿಯಲ್ಲಿ ಇನ್ಸ್ತಿತೂತೋ ಸೆರ್ವಾಂತೆಸ್ ಇದೆ, ಸ್ಪೇನ್ ಸರ್ಕಾರದ ಭಾಷಾ ಸಂಸ್ಥೆ. ಅವರ ದೆಲೆ ಪರೀಕ್ಷೆಯ ಪ್ರಮಾಣಪತ್ರಕ್ಕೆ ಅವಧಿ ಮುಗಿಯುವುದಿಲ್ಲ. ಸಿಯೆಲೆ ಎಂಬ ಇನ್ನೊಂದು ಪರೀಕ್ಷೆಯದು 5 ವರ್ಷ ನಡೆಯುತ್ತದೆ. ಕಡಿಮೆ ಖರ್ಚಿನಲ್ಲಿ ಬೇಗ ಬಾಯಿ ಬಿಡಿಸಬೇಕು ಎಂದರೆ ಗ್ವಾಟೆಮಾಲಾದ ಅಂತೀಗ್ವಾ ಮತ್ತು ಕೆತ್ಸಾಲ್ತೆನಾಂಗೋ ಊರುಗಳು ಹೆಸರುವಾಸಿ. ಒಬ್ಬ ಶಿಷ್ಯನಿಗೆ ಒಬ್ಬ ಗುರು, ಸ್ಥಳೀಯರ ಮನೆಯಲ್ಲೇ ಊಟ ವಸತಿ.

ಹಂತ 6: ಹೊರಡುವ ಮುನ್ನ

ಕೊಲಂಬಿಯಾ, ಪೆರು, ಈಕ್ವೆಡಾರ್, ಬೊಲಿವಿಯಾದಂಥ ದೇಶಗಳಿಗೆ ಕಾಲಿಡುವವರು ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಲೇಬೇಕು. ಅಲ್ಲಿ ಯಾರೂ ಕೇಳದಿದ್ದರೂ ಭಾರತಕ್ಕೆ ಮರಳುವಾಗ ಕೇಳುತ್ತಾರೆ. ಪ್ರಮಾಣಪತ್ರ ಇಲ್ಲದಿದ್ದರೆ 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಲಸಿಕೆ ಹಾಕಿಸಿದ 10 ದಿನದ ಮೇಲೆ ಪ್ರಮಾಣಪತ್ರ ಊರ್ಜಿತವಾಗುತ್ತದೆ. ಸರ್ಕಾರ ಅನುಮತಿಸಿದ ಕೇಂದ್ರದಲ್ಲೇ ಹಾಕಿಸಿ. ಸ್ಪೇನ್, ಮೆಕ್ಸಿಕೋಗೆ ಇದರ ಗೊಡವೆ ಇಲ್ಲ.

ಅಮೆರಿಕದ ಮೂಲಕ ಹೋಗುವ ವಿಮಾನ ಅಗ್ಗವಾಗಿ ಕಾಣಬಹುದು. ಅಲ್ಲಿ ಬರೀ ವಿಮಾನ ಬದಲಿಸುವುದಕ್ಕೂ ಭಾರತೀಯರಿಗೆ ವೀಸಾ ಬೇಕು. ಯುರೋಪಿನ ಕೆಲವು ನಿಲ್ದಾಣಗಳಲ್ಲೂ ಟ್ರಾನ್ಸಿಟ್ ವೀಸಾ ಕೇಳುತ್ತಾರೆ. ಟಿಕೆಟ್ ತೆಗೆಯುವ ಮುಂಚೆ ವಿಚಾರಿಸಿ.

ಎತ್ತರವನ್ನೂ ಲಘುವಾಗಿ ತೆಗೆದುಕೊಳ್ಳಬೇಡಿ. ಮೆಕ್ಸಿಕೋ ಸಿಟಿ 2,240 ಮೀಟರ್, ಬೊಗೋಟಾ ಸುಮಾರು 2,600 ಮೀಟರ್. ಎರಡೂ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಎತ್ತರದಲ್ಲಿವೆ. ಪೆರುವಿನ ಕುಸ್ಕೋ 3,400 ಮೀಟರ್. ಮೊದಲ ಒಂದೆರಡು ದಿನ ರಜೆ ಹಾಕಿ.

ಹಂತ 7: ಸ್ಪೇನಿನಲ್ಲಿ ಮೊದಲ ತಿಂಗಳು

ಮೊದಲ ಕೆಲವು ವಾರಕ್ಕೆ ಮಾತ್ರ ಮುಂಗಡವಾಗಿ ರೂಮು ಮಾಡಿ. ಮನೆಯನ್ನು ಅಲ್ಲಿ ಹೋಗಿ ಕಣ್ಣಾರೆ ನೋಡಿಯೇ ಹಿಡಿಯಿರಿ. ಇದೆಯಾಲಿಸ್ತಾ, ಫೋತೋಕಾಸಾ ತಾಣಗಳಲ್ಲಿ ಮನೆಗಳು ಸಿಗುತ್ತವೆ. ‘ನಾನು ಊರಲ್ಲಿಲ್ಲ, ಹಣ ಹಾಕಿ, ಕೀಲಿ ಕಳಿಸುತ್ತೇನೆ’ ಎನ್ನುವವರು ಮೋಸಗಾರರು. ಕಾನೂನಿನ ಪ್ರಕಾರ ಠೇವಣಿ ಒಂದು ತಿಂಗಳ ಬಾಡಿಗೆ. ಅದರ ಮೇಲೆ ಹೆಚ್ಚುವರಿ ಭದ್ರತೆಯಾಗಿ ಎರಡು ತಿಂಗಳದ್ದನ್ನು ಮಾಲೀಕರು ಕೇಳಬಹುದು. ಬೆಂಗಳೂರಿನ ಅಡ್ವಾನ್ಸ್ ಕೊಟ್ಟು ರೂಢಿಯಿದ್ದವರಿಗೆ ಇದು ಜಾಸ್ತಿ ಅನ್ನಿಸದು. ಖಾಯಂ ವಾಸದ ಮನೆಗೆ ಏಜೆಂಟನ ಕಮಿಷನ್ ಕೊಡಬೇಕಾದವರು ಮಾಲೀಕರು. 2023ರ ವಸತಿ ಕಾನೂನು ಹಾಗೆ ಹೇಳುತ್ತದೆ. ಇದರಿಂದ ತಪ್ಪಿಸಿಕೊಳ್ಳಲು ಕೆಲವರು 11 ತಿಂಗಳ ತಾತ್ಕಾಲಿಕ ಕರಾರು ಮುಂದಿಡುತ್ತಾರೆ. ಓದಿ ಸಹಿ ಹಾಕಿ.

ಮನೆ ಸಿಕ್ಕ ಕೂಡಲೇ ಅಯುಂತಾಮಿಯೆಂತೋ, ಅಂದರೆ ನಗರಸಭೆಗೆ ಹೋಗಿ ವಿಳಾಸ ನೋಂದಾಯಿಸಿ. ಅದಕ್ಕೆ ಎಂಪಾದ್ರೋನಾಮಿಯೆಂತೋ ಎನ್ನುತ್ತಾರೆ. ಮನೆ ಹಿಡಿಯುವಾಗಲೇ ‘ಇಲ್ಲಿ ನೋಂದಣಿಗೆ ಒಪ್ಪಿಗೆ ಇದೆಯಾ’ ಎಂದು ಕೇಳಿಕೊಳ್ಳಿ. ಈ ಕಾಗದವಿಲ್ಲದೆ ಮಕ್ಕಳ ಶಾಲೆ, ಸರ್ಕಾರಿ ಆಸ್ಪತ್ರೆ ಎಲ್ಲ ಕಷ್ಟ. ಆಮೇಲೆ ತೀಏ, ವಿದೇಶಿಯರ ಗುರುತಿನ ಚೀಟಿ. ವೀಸಾ 6 ತಿಂಗಳಿಗಿಂತ ಹೆಚ್ಚಿನದಾದರೆ ಬಂದ ಒಂದು ತಿಂಗಳೊಳಗೆ ಅರ್ಜಿ ಹಾಕಬೇಕು. ಪೊಲೀಸ್ ಕಚೇರಿಯಲ್ಲಿ ಬೆರಳಚ್ಚು ಕೊಡಬೇಕು, ಅದಕ್ಕೆ ಮೊದಲೇ ಸಮಯ ಕಾಯ್ದಿರಿಸಬೇಕು. ಅದೇ ಸೀತಾ ಪ್ರೇವಿಯಾ. ಮ್ಯಾಡ್ರಿಡ್, ಬಾರ್ಸಿಲೋನಾದಲ್ಲಿ ಈ ಸಮಯ ಸಿಗುವುದೇ ದೊಡ್ಡ ಸಾಹಸ. ಸಣ್ಣ ಊರುಗಳಲ್ಲಿ ಇಷ್ಟು ಕಷ್ಟವಿಲ್ಲ. ನಾನು ವೆಲೆನ್ಸಿಯಾ, ಗ್ರನಾದಾದಂಥ ಊರುಗಳ ಪರ ವಾದಿಸುವುದಕ್ಕೆ ಇದೂ ಒಂದು ಕಾರಣ. ಆಗಸ್ಟಿನಲ್ಲಿ ಹೋಗಬೇಡಿ. ಅರ್ಧ ದೇಶವೇ ರಜೆಯಲ್ಲಿರುತ್ತದೆ.

ಹಂತ 8: ಊಟ

ಸಸ್ಯಾಹಾರಿಗಳು ‘ಸಿನ್ ಕಾರ್ನೆ’, ಮಾಂಸ ಬೇಡ, ಎಂದಷ್ಟೇ ಹೇಳಿದರೆ ಸಾಲದು. ಹಂದಿಮಾಂಸದ ಹಾಮೋನ್ ಚೂರು, ಡಬ್ಬಿಯ ಮೀನು ಅತೂನ್ ತಟ್ಟೆಯಲ್ಲಿ ಬಂದೇ ಬರುತ್ತವೆ. ‘ಸಿನ್ ಪೋಯೋ (ಕೋಳಿ ಬೇಡ), ಸಿನ್ ಪೆಸ್ಕಾದೋ (ಮೀನು ಬೇಡ), ಸಿನ್ ಹಾಮೋನ್, ಸಿನ್ ಅತೂನ್’ ಎಂದು ಒಂದೊಂದಾಗಿ ಹೇಳಿ. ಮೆಕ್ಸಿಕೋದಲ್ಲಿ ಹುರುಳಿಕಾಯಿ ಬೀಜದ ಪಲ್ಯದಂಥ ಫ್ರಿಹೋಲೆಸ್ ನೋಡಲು ಶುದ್ಧ ಸಸ್ಯಾಹಾರ. ಆದರೆ ಎಷ್ಟೋ ಕಡೆ ಮಾಂತೇಕಾ, ಅಂದರೆ ಹಂದಿ ಕೊಬ್ಬಿನಲ್ಲಿ ಹುರಿದಿರುತ್ತಾರೆ. ಅನ್ನಕ್ಕೆ ಕೋಳಿ ಸಾರು ಹಾಕುವುದೂ ಉಂಟು. ತೋರ್ತಿಯಾ ಎಂದರೆ ಮೆಕ್ಸಿಕೋದಲ್ಲಿ ಜೋಳದ ರೊಟ್ಟಿಯ ಹಾಗೆ ಮೆಕ್ಕೆಜೋಳದ ತೆಳು ರೊಟ್ಟಿ, ಸ್ಪೇನಿನಲ್ಲಿ ಆಲೂಗಡ್ಡೆ ಹಾಕಿದ ಮೊಟ್ಟೆಯ ಆಮ್ಲೆಟ್. ಮೊಟ್ಟೆ ತಿನ್ನದವರು ಇದನ್ನು ಮರೆಯಬೇಡಿ. ಮನೆಯಲ್ಲಿ ಅಡುಗೆ ಮಾಡುವವರಿಗೆ ಕಷ್ಟವಿಲ್ಲ. ಮಸೂರ, ಕಾಬೂಲಿ ಕಡಲೆ ಸ್ಪೇನಿನ ಎಲ್ಲ ಸೂಪರ್ ಮಾರ್ಕೆಟ್ಟಿನಲ್ಲೂ ಸಿಗುತ್ತವೆ. ತೊಗರಿಬೇಳೆ, ಸಾಸಿವೆ, ಹುಣಸೆಗೆ ಬಾರ್ಸಿಲೋನಾದ ರಾವಾಲ್, ಮ್ಯಾಡ್ರಿಡ್‌ನ ಲಾವಾಪಿಯೇಸ್ ಬಡಾವಣೆಗಳ ದಕ್ಷಿಣ ಏಷ್ಯಾ ಅಂಗಡಿಗಳಿಗೆ ಹೋಗಿ. ಸಾರಿನ ಪುಡಿ ಮಾತ್ರ ಊರಿಂದಲೇ ಒಯ್ಯಿರಿ.

ಹಂತ 9: ಊರಿನ ಎಳೆ ಬಿಡಬೇಡಿ

ಬ್ಯಾಂಕಿನ ಒಟಿಪಿ ಬರುವುದು ಭಾರತದ ನಂಬರಿಗೆ. ರೋಮಿಂಗ್ ಹಾಕಿಸಿ, ಮನೆಯವರಿಗೆ ಹೇಳಿ ತಪ್ಪದೆ ರೀಚಾರ್ಜ್ ಮಾಡಿಸಿ. ಸಿಮ್ ರದ್ದಾಗಿ ನಂಬರ್ ಬೇರೆಯವರಿಗೆ ಹೋದರೆ ಆಧಾರ್, ಬ್ಯಾಂಕ್, ಆದಾಯ ತೆರಿಗೆ ಎಲ್ಲ ಸಿಕ್ಕಿಬೀಳುತ್ತವೆ. ಕೆಲಸಕ್ಕಾಗಿ ಹೊರಗೆ ನೆಲೆಸಿದ ಮೇಲೆ ಉಳಿತಾಯ ಖಾತೆಯನ್ನು ಎನ್ಆರ್‌ಒ, ಅಂದರೆ ಅನಿವಾಸಿ ಭಾರತೀಯರ ಖಾತೆಯಾಗಿ ಬದಲಿಸಬೇಕೆಂಬ ನಿಯಮವೂ ಇದೆ.

ಇಲ್ಲಿಂದ 1 ವರ್ಷದ ವೀಸಾ ಪಡೆದು ಹೋದವರು ಅವಧಿ ಮುಗಿಯುವ ಮುನ್ನ ಅಲ್ಲೇ 3 ವರ್ಷದ ಪರವಾನಗಿಗೆ ಅರ್ಜಿ ಹಾಕಬಹುದು. ಕೊನೆಯ 60 ದಿನಗಳಲ್ಲಿ ಹಾಕಿ. ಸತತ 5 ವರ್ಷ ಕಾನೂನುಬದ್ಧವಾಗಿ ಇದ್ದರೆ ದೀರ್ಘಾವಧಿ ನಿವಾಸಕ್ಕೆ ಅರ್ಹತೆ ಬರುತ್ತದೆ. ಪೌರತ್ವಕ್ಕೆ ಲ್ಯಾಟಿನ್ ಅಮೆರಿಕದವರಿಗೆ 2 ವರ್ಷ ಸಾಕು, ನಮಗೆ 10 ವರ್ಷ ಬೇಕು. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ, ಆಗ ಇಲ್ಲಿಯ ಪಾಸ್‌ಪೋರ್ಟ್ ಬಿಟ್ಟು, ಭಾರತೀಯ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಪಡೆಯಬೇಕಾಗುತ್ತದೆ. ಅಷ್ಟು ದೂರದ ಯೋಚನೆ ಇರಲಿ ಬಿಡಲಿ, ಮೊದಲ ದಿನದಿಂದಲೇ ಬಾಡಿಗೆ ರಸೀದಿ, ತೆರಿಗೆ ಕಾಗದ, ವಿಮಾನದ ಟಿಕೆಟ್ಟುಗಳನ್ನು ಒಂದು ಫೈಲಿನಲ್ಲಿ ಜೋಡಿಸಿಡಿ. ನವೀಕರಣದ ಹೊತ್ತಿಗೆ ಅವನ್ನೇ ಕೇಳುತ್ತಾರೆ.